ಮಾರ್ಕನ ಕೊನೆಯ ಹನ್ನೆರಡು ವಚನ ಮೊದಲು ಇರಲಿಲ್ಲವಂತೆ. ಹಾಗಾದ್ರೆ ನಮ್ಮಮ್ಮನ ಕೈ?

ತಲಪಾಡಿ_ಸ್ಟೇಜ್

ಎಲ್ಲರಿಗೂ ನಮಸ್ಕಾರ. ನಾನು ಹೊಸಂಗಡಿ ಹತ್ತಿರದವನು. ಇಪ್ಪತ್ತೊಂಬತ್ತು ವರ್ಷ ಕೇರಳದ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ, ಹೆಚ್ಚಿನ ಕಾಲ ಕಾಸರಗೋಡು–ಮಂಗಳೂರು ಲೈನಿನಲ್ಲಿಯೇ. ಕಾಸರಗೋಡು ಬಿಡುವಾಗ ಮಲಯಾಳ, ಕುಂಬಳೆಯಿಂದ ಮೇಲೆ ಕನ್ನಡ, ಉಪ್ಪಳದಲ್ಲಿ ಕೆಲವರ ಹತ್ತಿರ ಉರ್ದು, ತಲಪಾಡಿ ದಾಟಿದರೆ ತುಳು, ಬ್ಯಾರಿ. ಚಿಲ್ಲರೆ ಕೇಳ್ಲಿಕ್ಕೆ ಐದು ಭಾಷೆ ಬರುತ್ತದೆ. ದೇವಶಾಸ್ತ್ರ ಓದ್ಲಿಕ್ಕೆ ಬೇಕಾದ ಇಂಗ್ಲಿಷ್ ಮಾತ್ರ ಬರುವುದಿಲ್ಲ.

ನಮ್ಮದು ಮನೆಯಲ್ಲಿ ತುಳು, ಸಭೆಯಲ್ಲಿ ಕನ್ನಡ. ಅಜ್ಜ ಬಾಸೆಲ್ ಮಿಶನ್ನಿನವರ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ನಿವೃತ್ತಿಯಾದ ಮೇಲೆ ಟಿಕೆಟ್ ಮೆಷಿನ್ ಇಲ್ಲದೆ ಬೆರಳು ಸುಮ್ಮನೆ ಕೂರುತ್ತಿರಲಿಲ್ಲ. ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟಿನವರದ್ದು ಬಿ.ಸಿ.ಎಸ್. (ಬ್ಯಾಚುಲರ್ ಆಫ್ ಕ್ರಿಶ್ಚಿಯನ್ ಸ್ಟಡೀಸ್) ಅಂತ ಒಂದು ಡಿಗ್ರಿ ಉಂಟು, ಸಭಾಪಾಲಕರಲ್ಲದ ನಮ್ಮಂಥವರು ಮನೆಯಲ್ಲೇ ಕೂತು ಓದುವಂಥದ್ದು. ಸೇರಿದೆ. ಮಗಳು ನಗಾಡಿದಳು. 1818ರಲ್ಲಿ ಆ ಕಾಲೇಜು ಶುರು ಮಾಡಿದ ಮೂವರಲ್ಲಿ ವಿಲಿಯಂ ಕೇರಿ ಅನ್ನುವವರು ಊರಲ್ಲಿ ಜೋಡು ಹೊಲಿಯುತ್ತಿದ್ದವರು ಮಾರಾಯ್ತಿ, ಕಂಡಕ್ಟರ್ ಓದಿದ್ರೆ ಎಂತ ಅಂತ ಕೇಳಿದೆ. ಸುಮ್ಮನಾದಳು.

ಈಗ ವಿಷಯಕ್ಕೆ ಬರ್ತೇನೆ. ಹೊಸ ಒಡಂಬಡಿಕೆಯ ಪಾಠದಲ್ಲಿ ಮಾರ್ಕನ ಸುವಾರ್ತೆ ಬಂತು. 16ನೇ ಅಧ್ಯಾಯದ 9ರಿಂದ 20ರವರೆಗಿನ ವಚನಗಳು ಸಿನಾಯ್ ಪ್ರತಿಯಲ್ಲೂ ಇಲ್ಲ, ವತಿಕನ್ ಪ್ರತಿಯಲ್ಲೂ ಇಲ್ಲ ಅಂತ ಅದರಲ್ಲಿ ಬರೆದಿದೆ. ಎರಡೂ ನಾಲ್ಕನೇ ಶತಮಾನದ ಕೈಬರಹದ ಗ್ರೀಕ್ ಬೈಬಲುಗಳು, ಇರುವುದರಲ್ಲೇ ಬಹಳ ಹಳೆಯವು. ಅವುಗಳಲ್ಲಿ ಸುವಾರ್ತೆ 8ನೇ ವಚನಕ್ಕೇ ನಿಲ್ಲುತ್ತದೆ: ಹೆಂಗಸರು ಯೇಸುವಿನ ಸಮಾಧಿಯಿಂದ ನಡುಗುತ್ತಾ ಓಡಿದರು, ಹೆದರಿ ಯಾರಿಗೂ ಏನೂ ಹೇಳಲಿಲ್ಲ. ಅಷ್ಟೇ. ಬಾಕಿಯದ್ದನ್ನು ಆಮೇಲೆ ಬೇರೆ ಯಾರೋ ಸೇರಿಸಿದ್ದು.

ಓದಿ ಪುಸ್ತಕ ಮುಚ್ಚಿ ಅಂಗಳಕ್ಕೆ ಹೋಗಿ ನಿಂತೆ. ಆ ಹನ್ನೆರಡರಲ್ಲಿ ಒಂದು ನಮ್ಮಮ್ಮನ ವಚನ, 18ನೆಯದು. ನಂಬುವವರು ರೋಗಿಗಳ ಮೇಲೆ ಕೈಯಿಟ್ಟರೆ ಅವರಿಗೆ ಗುಣವಾಗುತ್ತದೆ ಅನ್ನುವುದು. ನಮಗೆ ಜ್ವರ ಬಂದರೆ ಅಮ್ಮ ಬೀಡಿಯ ಗೆರಸೆ ಬದಿಗಿಟ್ಟು ಬಂದು ಹಣೆಯ ಮೇಲೆ ಕೈಯಿಟ್ಟು ಅದನ್ನು ಹೇಳುತ್ತಿದ್ದರು. ಕೈಯಲ್ಲಿ ಹೊಗೆಸೊಪ್ಪಿನ ವಾಸನೆ. ಇವತ್ತಿಗೂ ಆ ವಚನ ಕೇಳಿದರೆ ನನಗೆ ಮೂಗಿಗೆ ಮೊದಲು ಬರುವುದು ಅದೇ.

2020ರ ಏಪ್ರಿಲಿನಲ್ಲಿ ಅಮ್ಮ ಮಲಗಿದರು. ಬಸ್ಸಿಲ್ಲ, ತಲಪಾಡಿಯಲ್ಲಿ ಗಡಿ ಮುಚ್ಚಿತ್ತು. ಸಾವಿರಾರು ಸಲ ದಾಟಿದ ಗಡಿ ಅದು. ಆ ರಾತ್ರಿ ನಾನು ಅವರ ಹಣೆಯ ಮೇಲೆ ಕೈಯಿಟ್ಟು ಅದೇ ವಚನ ಹೇಳಿದೆ. ಬೆಳಿಗ್ಗೆ ಹೋದರು. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ಇಲ್ಲಿ ಹೆಸರಿಲ್ಲ ಅಂತ ಬರೆಯುತ್ತಿದ್ದೇನೆ.

ಈಗ ಬರುವ ಬುಧವಾರ ಮನೆಕೂಟದಲ್ಲಿ ವಾಕ್ಯ ಕೊಡುವ ಸರದಿ ನನ್ನದು. ಕೂಟ ಇರುವುದು ವಾರಕ್ಕೆ ಎರಡು ಸಲ ಡಯಾಲಿಸಿಸಿಗೆ ಹೋಗುವ ನಮ್ಮ ಸಭೆಯ ಒಬ್ಬ ಅಕ್ಕನ ಮನೆಯಲ್ಲಿ. ಕೊನೆಗೆ ಕೈಯಿಟ್ಟು ಪ್ರಾರ್ಥಿಸಬೇಕು ಅಂತ ಈಗಲೇ ಹೇಳಿಕಳಿಸಿದ್ದಾರೆ. ತಡವಾಗಿ ಓದಲು ಶುರುಮಾಡಿದವರು ಇಲ್ಲಿ ಇದ್ದರೆ ಹೇಳಿ. ಓದಿದ್ದನ್ನು ಎಲ್ಲಿ ಇಡುತ್ತೀರಿ? ಅಲ್ಲಿ ನಾನು ಎಂತ ಹೇಳುವುದು?

ಉಪ್ಪಳ_ಗೇಟ್

ಅಂಕಲ್, ಈ ವಯಸ್ಸಲ್ಲಿ ಇದೆಲ್ಲ ಯಾಕೆ? ದೇವಶಾಸ್ತ್ರ ಓದಿದವರೇ ವಿಶ್ವಾಸ ಕಳಕೊಳ್ಳುವುದು, ನಾನು ನೋಡಿದ್ದೇನೆ. ಪುಸ್ತಕ ಕಟ್ಟಿಡಿ, ಮೊಣಕಾಲೂರಿ ಪ್ರಾರ್ಥಿಸಿ. ದೇವರ ವಾಕ್ಯ ದೇವರ ವಾಕ್ಯವೇ.

ತಲಪಾಡಿ_ಸ್ಟೇಜ್

ಮೊಣಕಾಲು ಇಪ್ಪತ್ತೊಂಬತ್ತು ವರ್ಷ ಬಸ್ಸಿನಲ್ಲಿ ನಿಂತು ಹೋಗಿದೆ ತಮ್ಮಾ, ಊರಿದರೆ ಎಬ್ಬಿಸಲಿಕ್ಕೆ ಜನ ಬೇಕು. ಕುರ್ಚಿಯಲ್ಲಿ ಕೂತು ಪ್ರಾರ್ಥಿಸುತ್ತೇನೆ. ವಿಶ್ವಾಸ ಹೋಗಿದ್ದರೆ ಇಲ್ಲಿ ಕೇಳುತ್ತಲೇ ಇರಲಿಲ್ಲ.

ನಿವೃತ್ತ_ಅಯ್ಯ

ಕಂಡಕ್ಟರ್ ಅಣ್ಣಾ, ನಾನು ಮಂಗಳೂರಿನ ಬಲ್ಮಠದಲ್ಲಿ ಓದಿದವನು. 1847ರಲ್ಲಿ ಬಾಸೆಲ್ ಮಿಶನ್ನಿನ ಮೋಗ್ಲಿಂಗರು ಸಭಾಪಾಲಕರನ್ನು ತಯಾರು ಮಾಡುವ ಸೆಮಿನರಿ ಶುರು ಮಾಡಿದ ಗುಡ್ಡೆ ಅದು. ನೀವು ಮೊನ್ನೆ ಅಂಗಳಕ್ಕೆ ಹೋಗಿ ನಿಂತ ಹಾಗೆ ನಾನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಆ ಗುಡ್ಡೆಯ ಮೇಲೆ ನಿಂತಿದ್ದೆ. ವ್ಯತ್ಯಾಸ ಎಂತ ಅಂದರೆ ಆಗ ನನಗೆ ಕಳಕೊಳ್ಳಲಿಕ್ಕೆ ಹೆಚ್ಚೇನೂ ಇರಲಿಲ್ಲ.

ಮೊದಲು ನನ್ನದೊಂದು ದಡ್ಡತನ ಹೇಳುತ್ತೇನೆ. ಮೊದಲ ಸಭೆಗೆ ಹೋದ ವರ್ಷವೇ ಪೀಠ ಹತ್ತಿ, ಯೋಹಾನನ ಸುವಾರ್ತೆಯಲ್ಲಿ ವ್ಯಭಿಚಾರದಲ್ಲಿ ಹಿಡಿದ ಹೆಂಗಸಿನ ಕತೆಯೂ ಹಳೇ ಪ್ರತಿಗಳಲ್ಲಿ ಇಲ್ಲ ಅಂತ ಪ್ರಸಂಗ ಮಾಡಿದೆ. ಗೊತ್ತಿದ್ದದ್ದನ್ನು ತೋರಿಸುವ ಉಮೇದು. ಆರಾಧನೆ ಮುಗಿದ ಮೇಲೆ ಒಬ್ಬರು ಅಜ್ಜ ಸತ್ಯವೇದದಲ್ಲಿ ಆ ಹಾಳೆ ಹಿಡಕೊಂಡು ಬಂದು ಕೇಳಿದರು: "ಅಯ್ಯನವರೇ, ಹಾಗಾದ್ರೆ ಇದನ್ನು ಹರಿಯುವುದಾ, ಅಲ್ಲ ನೀವೇ ಹರೀತೀರಾ?" ಕುಚೋದ್ಯ ಅಲ್ಲ, ನಿಜವಾಗಿ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಇದ್ದಷ್ಟು ಹೇಳುತ್ತೇನೆ. "ಆಮೇಲೆ ಸೇರಿಸಿದ್ದು" ಅಂದಕೂಡಲೇ ನಿನ್ನೆ ಮೊನ್ನೆ ಯಾರೋ ಕದ್ದು ಸೇರಿಸಿದ ಹಾಗೆ ಕೇಳುತ್ತದೆ. ಇರೇನಿಯಸ್ ಅನ್ನುವ ಬಿಷಪರು ಸುಮಾರು ಕ್ರಿ.ಶ. 180ರಲ್ಲಿಯೇ ಅದರ 19ನೇ ವಚನವನ್ನು ಮಾರ್ಕನ ಕೊನೆಯ ಮಾತು ಅಂತ ಎತ್ತಿ ಹೇಳಿದ್ದಾರೆ. ಅಂದರೆ ಅದು ಇಲ್ಲದ ಸಿನಾಯ್ ಪ್ರತಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ ಜನ ಅದನ್ನು ಓದುತ್ತಿದ್ದರು. ಮಾರ್ಕ ಬರೆದದ್ದಲ್ಲ ಅಂತ ನಾನೂ ಒಪ್ಪುತ್ತೇನೆ, ಗ್ರೀಕಿನ ಧಾಟಿಯೇ ಬೇರೆ. ಆದರೂ ಹಳೆಯದು.

ಎರಡನೆಯದು, ಅಮ್ಮನ ಕೈ. ಅದು ಆ ಒಂದೇ ವಚನಕ್ಕೆ ನೇತಾಡುತ್ತಿಲ್ಲ. ಅಪೊಸ್ತಲರ ಕೃತ್ಯಗಳು 28 ತೆಗೆಯಿರಿ. ಮಾಲ್ಟಾ ದ್ವೀಪದಲ್ಲಿ ಅಲ್ಲಿನ ಮುಖ್ಯಸ್ಥ ಪೊಪ್ಲಿಯನ ತಂದೆ ಜ್ವರ, ರಕ್ತಭೇದಿ ಹಿಡಿದು ಮಲಗಿದ್ದಾನೆ. ಪೌಲ ಒಳಗೆ ಹೋಗಿ ಪ್ರಾರ್ಥಿಸಿ ಕೈಯಿಡುತ್ತಾನೆ. ಹಳೇ ಪ್ರತಿಗಳಲ್ಲೂ ಇರುವ ಭಾಗ ಅದು. ಯಾಕೋಬನ ಪತ್ರಿಕೆ 5ರಲ್ಲಿ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿ ಪ್ರಾರ್ಥಿಸುವುದು ಉಂಟು. ಬುಧವಾರಕ್ಕೆ ನಿಮಗೆ ಮಾಲ್ಟಾ ಸಾಕು.

ಮೂರನೆಯದು ಕೂಟಕ್ಕಲ್ಲ, ನಿಮಗೆ ಮಾತ್ರ. 8ನೇ ವಚನದ ಕೊನೆಯ ಎರಡು ಪದ ಗ್ರೀಕಿನಲ್ಲಿ "ಎಫೊಬೂಂಟೊ ಗಾರ್". ಎಫೊಬೂಂಟೊ ಅಂದರೆ ಹೆದರಿದ್ದರು. ಗಾರ್ ಅಂದರೆ ಕಾರಣ ಹೇಳುವ ಪದ, ಅದು ವಾಕ್ಯದ ತಲೆಯಲ್ಲಿ ಬರುವ ಹಾಗಿಲ್ಲ, ಎರಡನೇ ಜಾಗದಲ್ಲೇ ಕೂರಬೇಕು. ಇಂಗ್ಲಿಷಿನಲ್ಲಿ ಅದನ್ನು ಎತ್ತಿ ಮುಂದೆ ಇಡಬೇಕಾಗುತ್ತದೆ. ನಮಗೆ ಆ ಕಷ್ಟ ಇಲ್ಲ. "ಹೆದರಿದ್ದರಲ್ಲ." ಹಾಗೆ ಹೇಳಿ ನೋಡಿ. ಆ "ಅಲ್ಲ" ಉಂಟಲ್ಲ, ಅದೇ ಗಾರ್.

ಬೇಳದ_ಬಾಯಿ

ಕಂಡಕ್ಟರ್ ಅಣ್ಣ, ನಾವು ಕೊಂಕಣಿಯವರು, ಬೇಳ ಶೋಕಮಾತಾ ಇಗರ್ಜಿಯವರು (1890ರ ಇಗರ್ಜಿ, ನೋಡದಿದ್ದರೆ ಒಮ್ಮೆ ಬನ್ನಿ). ನಾನು ನಲವತ್ತೊಂಬತ್ತಕ್ಕೆ ಬೈಬಲ್ ತರಗತಿಗೆ ಸೇರಿದವಳು, ಶನಿವಾರ ಶನಿವಾರ ಮಂಗಳೂರಿಗೆ. ನಿಮ್ಮ ಬಸ್ಸಿನಲ್ಲೇ ಹೋಗಿರಬಹುದು!

ನಮ್ಮಲ್ಲಿ ಈ ಪ್ರಶ್ನೆ ಸ್ವಲ್ಪ ಬೇರೆ ತರ. 1546ರಲ್ಲಿ ನಮ್ಮ ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆಯವರು ಗ್ರಂಥಗಳನ್ನು ಅವುಗಳ ಎಲ್ಲ ಭಾಗಗಳ ಸಮೇತ ಪವಿತ್ರ ಅಂತ ಸ್ವೀಕರಿಸಿದರು. ಬರೆದವರು ಯಾರು ಅನ್ನುವುದು ಬೇರೆ, ಅದು ಶ್ರೀಗ್ರಂಥವಾ ಅನ್ನುವುದು ಬೇರೆ ಅಂತ ನಮಗೆ ಫಾದರ್ ಹೇಳಿಕೊಟ್ಟದ್ದು. ಈಗಲೂ ಏಪ್ರಿಲ್ 25ಕ್ಕೆ ಸಂತ ಮಾರ್ಕರ ಹಬ್ಬದ ಪೂಜೆಯಲ್ಲಿ ಓದುವ ಶುಭಸಂದೇಶ ಆ ಭಾಗದ್ದೇ! ಮಾರ್ಕರ ಹಬ್ಬಕ್ಕೆ ಮಾರ್ಕರು ಬರೆಯದ್ದು. ಮೊದಲ ವರ್ಷ ಕೇಳುವಾಗ ನಗು ಬಂತು, ಪಕ್ಕದಲ್ಲಿದ್ದ ಅತ್ತೆ ಚಿವುಟಿದರು.

ಆದರೆ ನಿಮ್ಮ ನೋವು ಇದಲ್ಲ ಅಂತ ಕಾಣುತ್ತದೆ. ವಚನ ಇದ್ದದ್ದೇ ಆಗಿದ್ದರೂ ಆ ರಾತ್ರಿ ಬದಲಾಗುತ್ತಿರಲಿಲ್ಲ, ಅಲ್ವಾ ಅಣ್ಣ? ತಪ್ಪು ಮಾತಾಡಿದ್ದರೆ ಕ್ಷಮಿಸಿ.

ಬದಿಯಡ್ಕ_ಮಾಸ್ಟ್ರು

ನಾನು ಕ್ರೈಸ್ತನಲ್ಲ, ಕನ್ನಡ ಮಾಸ್ಟ್ರು. ಆದರೂ ಮೂಗು ತೂರಿಸುತ್ತೇನೆ. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಾಗದೆಯೇ ಯೇಸುವಿನ ಕೊನೆಯ ದಿನದ ಮೇಲೆ "ಗೊಲ್ಗೊಥಾ" ಬರೆದರಲ್ಲ, ಆ ಧೈರ್ಯದ ಮೇಲೆ.

ನೀವು ಹೇಳುವ ಹಾಗೆ ಆಮೇಲೆ ಸೇರಿಸಿದ್ದಕ್ಕೆ ನಮ್ಮಲ್ಲಿ ಪ್ರಕ್ಷಿಪ್ತ ಅನ್ನುತ್ತಾರೆ. ಪುಣೆಯ ಭಂಡಾರ್ಕರ್ ಸಂಸ್ಥೆಯವರು ಎಷ್ಟೋ ಹಸ್ತಪ್ರತಿ ಹೋಲಿಸಿ 1933ರಿಂದ 1966ರವರೆಗೆ ಮಹಾಭಾರತವನ್ನು ಪರಿಷ್ಕರಿಸಿ ಹೊರತಂದರು. ಸಭೆಯಲ್ಲಿ ದ್ರೌಪದಿ ಕೃಷ್ಣನನ್ನು ಕೂಗಿ ಕರೆಯುವ ಭಾಗ ಅದರ ಮೂಲಪಾಠದಲ್ಲಿ ಇಲ್ಲ, ಅಡಿಟಿಪ್ಪಣಿಗೆ ಇಳಿಯಿತು. ಸೀರೆ ಬಂತು, ಕರೆದದ್ದು ಇಲ್ಲ! ಆದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ತಾಳಮದ್ದಳೆಗೆ ಕೂತ ಯಾವ ಅರ್ಥಧಾರಿಯ ದ್ರೌಪದಿಯೂ ಪುಣೆಯ ಮಾತು ಕೇಳಿ ಕೃಷ್ಣಾ ಅನ್ನುವುದನ್ನು ಬಿಡಲಿಲ್ಲ. ಗೊತ್ತಿದ್ದೂ ಕೂಗುತ್ತಾಳೆ. ಎದುರು ಕೂತ ನಮಗೂ ಗೊತ್ತುಂಟು, ಕಣ್ಣು ಒದ್ದೆಯಾಗುವುದು ತಪ್ಪುವುದಿಲ್ಲ.

ತಲಪಾಡಿ_ಸ್ಟೇಜ್

ಮಾಸ್ಟ್ರೇ, ಚೆಂದ ಹೇಳಿದಿರಿ. ಆದರೆ ಪೂರ್ತಿ ಒಪ್ಪಲಿಕ್ಕೆ ಆಗುವುದಿಲ್ಲ. ತಾಳಮದ್ದಳೆ ಮುಗಿದ ಮೇಲೆ ಯಾರೂ ದ್ರೌಪದಿಯ ಹತ್ತಿರ ಬಂದು ನನ್ನ ಕಿಡ್ನಿ ಸರಿಯಾಗುತ್ತದಾ ಅಂತ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ. ನನಗೆ ಹೆದರಿಕೆ ಇರುವುದು ಅಲ್ಲಿ.

ಬಾಯಿ, ನೀವು ತಪ್ಪು ಮಾತಾಡಲಿಲ್ಲ. ಎರಡು ದಿನ ಅದೇ ತಲೆಯಲ್ಲಿ ತಿರುಗುತ್ತಿತ್ತು. ನಾನು ಮಾರ್ಕನ ಮೇಲೆ ಕೇಸು ಹಾಕುತ್ತಿದ್ದೆ, ಸಿಟ್ಟು ಇದ್ದದ್ದು ಬೇರೆ ಕಡೆ.

ತಲಪಾಡಿ_ಸ್ಟೇಜ್

ಬುಧವಾರದ ವರದಿ ಕೊಡುತ್ತೇನೆ ಅಂದಿದ್ದೆನಲ್ಲ, ಇಲ್ಲ, ಅಂದಿರಲಿಲ್ಲ, ಆದರೂ ಕೊಡುತ್ತೇನೆ.

ಅಯ್ಯನವರು ಹೇಳಿದ ಹಾಗೆ ಮಾಲ್ಟಾ ತಯಾರು ಮಾಡಿಕೊಂಡು ಹೋಗಿದ್ದೆ. ಕೂತದ್ದು ಹದಿಮೂರು ಜನ. ಹಾಡು ಆಯಿತು. ಎದ್ದು ನಿಂತು ಪುಸ್ತಕ ಬಿಡಿಸಿದರೆ ಕೈ ಮಾರ್ಕನಲ್ಲಿ ಹೋಗಿ ನಿಂತಿತು. 8ನೇ ವಚನದವರೆಗೆ ಓದಿ ನಿಲ್ಲಿಸಿದೆ. ಕೆಲವರು ಮುಂದಿನದ್ದು ಬರುತ್ತದೆ ಅಂತ ಕಾದರು. ಪ್ರತಿ ಗಿತಿ ಒಂದೂ ಎತ್ತಲಿಲ್ಲ. ಆ ಹೆಂಗಸರು ಹೆದರಿದ್ದರಲ್ಲ ಅಂತ ಹೇಳಿ, ಅಮ್ಮ ಹೋದ ರಾತ್ರಿಯದ್ದು ಹೇಳಿದೆ. ಕೈಯಿಟ್ಟದ್ದು, ಗುಣವಾಗದ್ದು, ಇಷ್ಟು ವರ್ಷ ಹೆದರಿ ಯಾರಿಗೂ ಹೇಳದ್ದು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೂ ಅಲ್ಲಿಯೇ ಮೊದಲು ಗೊತ್ತಾದದ್ದು. ಮನೆಗೆ ಹೋಗುವಾಗ ದಾರಿಯಲ್ಲಿ ಬೈಸಿಕೊಂಡೆ, ಅದು ಬೇರೆ.

ಪ್ರಾರ್ಥನೆಯ ಹೊತ್ತಿಗೆ ನಾನು ಅಕ್ಕನ ಹತ್ತಿರ, ಗುಣವಾಗುತ್ತದೆ ಅಂತ ಹೇಳಲಿಕ್ಕೆ ನನ್ನಿಂದಾಗುವುದಿಲ್ಲ ಅಂದೆ. "ಅದನ್ನು ಡಾಕ್ಟರೂ ಹೇಳುವುದಿಲ್ಲ, ನೀನು ಕೈಯಿಡು" ಅಂದರು ತುಳುವಿನಲ್ಲಿ. ಇಟ್ಟೆ. ತಲೆಗೆ ಎಣ್ಣೆ ಹಚ್ಚಿದ್ದರು, ತೆಂಗಿನೆಣ್ಣೆ. ಎಷ್ಟು ಹೊತ್ತು ಇಟ್ಟೆನೋ ಗೊತ್ತಿಲ್ಲ, ಆಮೇಲೆ ಯಾರೋ ಚಾ ತಂದರು.

ಚಾ ಕುಡಿಯುವಾಗ ಅಕ್ಕ ಒಂದು ಪ್ರಶ್ನೆ ಹಾಕಿದರು. ಮೂರನೇ ಕ್ಲಾಸು ಓದಿದವರು ಅವರು, ನನ್ನ ಇಂಗ್ಲಿಷ್ ಪುಸ್ತಕದಲ್ಲಿ ಹುಡುಕಿ ಸೋತೆ. "ಆ ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲೇ ಇಲ್ಲವಾದರೆ, ಮಾರ್ಕನಿಗೆ ಗೊತ್ತಾದದ್ದು ಹೇಗೆ?"

ಅಯ್ಯನವರೇ, ಬೇಗ ಏನಾದರೂ ಬರೆಯಿರಿ. ಶುಕ್ರವಾರ ಅವರಿಗೆ ಡಯಾಲಿಸಿಸ್ ಉಂಟು, ಮೆಷಿನಿಗೆ ಹಾಕಿದರೆ ನಾಲ್ಕು ಗಂಟೆ ಸುಮ್ಮನೆ ಮಲಗಬೇಕು, ಅಷ್ಟರೊಳಗೆ ಉತ್ತರ ಬೇಕಂತೆ.