ಪದಚರ್ಚೆ: ‘ಗೌಪ್ಯ’, ‘ರಹಸ್ಯ’, ‘ಒದಗಿಸಲು ಬರುವುದಿಲ್ಲ’

ಪ್ರಶ್ನೆ, ಯಾದಗಿರಿಯಿಂದ:

ಪ್ರವಾಹ, ಬೆಂಕಿ, ಗ್ಯಾಸ್ ಸೋರಿಕೆಯ ಕಡತಗಳ ನಕಲನ್ನು ಮಾಹಿತಿ ಹಕ್ಕಿನಡಿ ಕೇಳಿದರೆ ಬರುವ ಹಿಂಬರಹಗಳಲ್ಲಿ (ಕಚೇರಿಯ ಲಿಖಿತ ಉತ್ತರಗಳಲ್ಲಿ) ಒಂದು ವಾಕ್ಯ ಅಚ್ಚು ಹಾಕಿದ ಹಾಗೆ ಇರುತ್ತದೆ: ‘ಸದರಿ ದಾಖಲೆಯು ಗೌಪ್ಯವಾಗಿರುವುದರಿಂದ ಒದಗಿಸಲು ಬರುವುದಿಲ್ಲ.’ ಕೆಲವರು ‘ಗೋಪ್ಯ’ ಎಂದು ಬರೆಯುತ್ತಾರೆ, ಕೆಲವರು ‘ರಹಸ್ಯ’. ಮೂರೂ ಒಂದೇನಾ? ಮೇಲ್ಮನವಿಯಲ್ಲಿ ಯಾವ ಪದ ಹಿಡಿದು ಕೇಳಬೇಕು?

ಉತ್ತರ, ಕಲಬುರಗಿಯಿಂದ:

‘ಗುಪ್’ ಧಾತುವಿಗೆ ಕಾಪಾಡು ಎಂದೇ ಅರ್ಥ. ಕಾಪಾಡಬೇಕಾದದ್ದು ‘ಗೋಪ್ಯ’, ಅದರ ಭಾವ ‘ಗೌಪ್ಯ’. ಆ ಲೆಕ್ಕಕ್ಕೆ ‘ಗೌಪ್ಯತೆ’ಯಲ್ಲಿ ಪ್ರತ್ಯಯ ಎರಡು ಸಲ ಬಂದಿದೆ, ಆದರೆ ಬಳಕೆಯಲ್ಲಿ ನಿಂತುಹೋಗಿದೆ, ಜಗಳ ಬೇಡ. ಕಚೇರಿಯ ದರ್ಜೆಯಲ್ಲಿ ‘ಗೌಪ್ಯ’ ಎಂದರೆ ಕಾನ್ಫಿಡೆನ್ಶಿಯಲ್. ‘ರಹಸ್ಯ’ ಎಂದರೆ ಸೀಕ್ರೆಟ್, ಒಂದು ಮೆಟ್ಟಿಲು ಮೇಲೆ.

ಮೇಲ್ಮನವಿಗೆ ಈ ಮೂರೂ ಉಪಯೋಗಕ್ಕೆ ಬರುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ಪದ ‘ವಿನಾಯಿತಿ’. ಕಡತದ ಮೇಲೆ ಗೌಪ್ಯ ಎಂಬ ಮೊಹರು ಬಿದ್ದಿದೆ ಎನ್ನುವುದು ಕಲಂ 8(1)ರಲ್ಲಿ ಕಾರಣವೇ ಅಲ್ಲ. ಯಾವ ಉಪಕಲಂ ಎಂದು ಹೇಳಬೇಕು: (ಎ) ದೇಶದ ಭದ್ರತೆ, (ಡಿ) ವ್ಯಾಪಾರದ ಗುಟ್ಟು, (ಜಿ) ಯಾರದಾದರೂ ಜೀವಕ್ಕೆ ಅಪಾಯ, (ಜೆ) ವೈಯಕ್ತಿಕ ಮಾಹಿತಿ. ನಿರಾಕರಿಸಿದ್ದು ಸರಿ ಎಂದು ತೋರಿಸುವ ಹೊಣೆ ಕಲಂ 19(5)ರಂತೆ ಮಾಹಿತಿ ಅಧಿಕಾರಿಯದು.

ಇನ್ನೊಂದು, ವಿನಾಯಿತಿ ಸಿಗುವುದು ಭಾಗಕ್ಕೆ, ಇಡೀ ಕಡತಕ್ಕಲ್ಲ. ಕಂಟ್ರೋಲ್ ರೂಮ್ ಲಾಗ್ ಬುಕ್ ತೆಗೆದು ನೋಡಿ. ಒಂದೊಂದು ಸಾಲಿನಲ್ಲಿ ಕರೆ ಬಂದ ಹೊತ್ತು, ಊರು, ಕರೆದವರ ಹೆಸರು, ಮೊಬೈಲ್, ಯಾರಿಗೆ ತಿಳಿಸಲಾಯಿತು, ಏನು ಕ್ರಮ ಎಂದಿರುತ್ತದೆ. ಹೆಸರು, ಮೊಬೈಲ್ ಮುಚ್ಚಿದರೆ ಉಳಿದದ್ದು ಕೊಡಬೇಕಾದದ್ದೇ; ಕಲಂ 10 ಹೇಳುವುದು ಇದನ್ನೇ. ಹಾನಿ ಪಂಚನಾಮೆಯಲ್ಲಿ ಆಧಾರ್, ಬ್ಯಾಂಕ್ ಖಾತೆ ಮುಚ್ಚಬೇಕು. ಸರ್ವೆ ನಂಬರ್, ನಷ್ಟದ ವಿಸ್ತೀರ್ಣ ಮುಚ್ಚಲು ಕಾರಣ ಕಾಣುವುದಿಲ್ಲ.

ಕಡೇಚೂರಿನಂಥ ಕೈಗಾರಿಕಾ ಪ್ರದೇಶದ ಆಫ್‌ಸೈಟ್ ಪ್ಲಾನ್ (ಅಪಘಾತದ ಪರಿಣಾಮ ಕಾರ್ಖಾನೆಯ ಹೊರಗೂ ಹರಡಿದರೆ ಏನು ಮಾಡಬೇಕೆಂಬ ತುರ್ತು ಯೋಜನೆ) ಬೇರೆ ಮಾತು. ಮಿತಿ ಮೀರಿ ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡ ಘಟಕಕ್ಕೆ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ಕುರಿತ 1989ರ ನಿಯಮಗಳು ಅನ್ವಯಿಸುತ್ತವೆ. ನಿಯಮ 15ರ ಪ್ರಕಾರ ಅಪಾಯದ ಸ್ವರೂಪ, ಸುರಕ್ಷತಾ ಕ್ರಮ, ಅಪಘಾತವಾದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಸುತ್ತಲಿನ ಜನರಿಗೆ ಮೊದಲೇ ತಿಳಿಸಬೇಕು. ಅಷ್ಟು ಭಾಗಕ್ಕೆ ‘ಗೌಪ್ಯ’ ಅನ್ನುವುದು ಆ ನಿಯಮಕ್ಕೇ ಎದುರು. ತಯಾರಿಕೆಯ ಸೂತ್ರ ಮಾತ್ರ (ಡಿ)ಗೆ ಹೋಗಬಹುದು. ಕಂಪನಿ ತಾನು ಗೌಪ್ಯವೆಂದು ಕೊಟ್ಟ ಮಾಹಿತಿಯಾದರೆ ಅದರ ಅಭಿಪ್ರಾಯ ಕೇಳಿ ಕಲಂ 11ರ ನೋಟಿಸು ಹೋಗುತ್ತದೆ, ಉತ್ತರಕ್ಕೆ 40 ದಿನ ಹಿಡಿಯಬಹುದು.

ಮೇಲ್ಮನವಿಗೆ ಇಷ್ಟು ಸಾಕು: ‘ಹಿಂಬರಹದಲ್ಲಿ ಕಲಂ 8(1)ರ ಉಪಕಲಂ ನಮೂದಿಸಿಲ್ಲ. ವಿನಾಯಿತಿಗೆ ಒಳಪಡುವ ಭಾಗ ಕೈಬಿಟ್ಟು, ಕಲಂ 10ರಂತೆ ಉಳಿದ ಪುಟಗಳ ದೃಢೀಕೃತ ನಕಲು ಕೊಡಿಸಬೇಕು.’ ಹಿಂಬರಹ ಕೈಸೇರಿದ 30 ದಿನದೊಳಗೆ ಹಾಕಿ. ಅಂಚೆ ಮುದ್ರೆ ಇರುವ ಕವರ್ ಎಸೆಯಬೇಡಿ. ಎರಡನೆಯ ಮೇಲ್ಮನವಿಗೆ 90 ದಿನ, ಮಾಹಿತಿ ಆಯೋಗದ ಪೀಠ ಕಲಬುರಗಿಯಲ್ಲೇ ಇದೆ.

ಸೇರ್ಪಡೆ, ಬೀದರಿನಿಂದ:

(ಜೆ) ಬಗ್ಗೆ ಎಚ್ಚರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದರ ಒಕ್ಕಣೆಯನ್ನೇ ಬದಲಿಸಿದೆ. (ಜೆ)ಯೊಳಗೇ ಇದ್ದ ಸಾರ್ವಜನಿಕ ಹಿತದ ಮಾತು ಹೋಗಿದೆ, ಆ ವಾದವನ್ನು ಈಗ ಕಲಂ 8(2)ರ ಮೇಲೆ ನಿಲ್ಲಿಸಿ.

ಮುಚ್ಚಿ ಕೊಡುವವರಿಗೂ ಒಂದು ಮಾತು. ಮೂಲ ರಿಜಿಸ್ಟರಿಗೆ ಮಸಿ ತಾಗಿಸಬಾರದು. ಜೆರಾಕ್ಸ್ ತೆಗೆದು, ಅದರ ಮೇಲೆ ಮಾರ್ಕರ್ ಎಳೆದು, ಮತ್ತೆ ಅದರ ಜೆರಾಕ್ಸ್ ಕೊಡಬೇಕು. ಮೊದಲ ಪ್ರತಿಯನ್ನೇ ಕೊಟ್ಟರೆ ಬೆಳಕಿಗೆ ಹಿಡಿದಾಗ ಅಂಕಿ ಕಾಣುತ್ತವೆ. ಪಿಡಿಎಫ್‌ನಲ್ಲಿ ಕಪ್ಪು ಪಟ್ಟಿ ಎಳೆದು ಕಳಿಸುವುದು ಇನ್ನೂ ಕೆಟ್ಟದ್ದು: ಅಡಿಯ ಅಕ್ಷರ ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಎಲ್ಲ ಬರುತ್ತದೆ.

ಅರ್ಜಿ ಒಂದಕ್ಕೆ ಒಂದೇ ವಿಷಯ, 150 ಪದದೊಳಗೆ, ಇದು ಕರ್ನಾಟಕದ ನಿಯಮ. ಲಾಗ್ ಬುಕ್ಕಿಗೊಂದು, ಆಫ್‌ಸೈಟ್ ಪ್ಲಾನಿಗೊಂದು ಬೇರೆ ಹಾಕಿ, ತಲಾ 10 ರೂಪಾಯಿ. ‘ಒದಗಿಸಲು ಬರುವುದಿಲ್ಲ’ ಎಂದರೆ ದಾಖಲೆ ಇದೆ, ಕೊಡಲು ಅವಕಾಶವಿಲ್ಲ ಎಂದರ್ಥ. ‘ಲಭ್ಯವಿಲ್ಲ’ ಎಂದು ಬಂದರೆ ವಾದ ಬೇರೆ: ಅದು ಬೇರೆ ಕಚೇರಿಯಲ್ಲಿದ್ದರೆ ಕಲಂ 6(3)ರಂತೆ 5 ದಿನದೊಳಗೆ ಅಲ್ಲಿಗೆ ವರ್ಗಾಯಿಸಬೇಕಿತ್ತು, ನಾಶಪಡಿಸಿದ್ದರೆ ಆ ಆದೇಶದ ನಕಲು ಕೇಳಿ.