ಓಆರ್‌ಎಸ್‌ನ (ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆ ದ್ರಾವಣ) ಗ್ಲೂಕೋಸ್ ಕರುಳಿನ ಕೋಶದೊಳಗೆ ಹೋಗಲು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಬೇಕೋ ಬೇಡವೋ?

ಪಿಯು ಮೇಷ್ಟ್ರು: ನೋಟ್ಸ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಸಾಲು: "ಕರುಳಿನ ಕೋಶ ಎಟಿಪಿ ಖರ್ಚು ಮಾಡಿ ಗ್ಲೂಕೋಸ್ ಹೀರುತ್ತದೆ." ತಪ್ಪು. ಎಸ್‌ಜಿಎಲ್‌ಟಿ1 ಎಂಬ ವಾಹಕ ಪ್ರೋಟೀನು ಎಟಿಪಿಯನ್ನು ಮುಟ್ಟುವುದೇ ಇಲ್ಲ. 2 ಸೋಡಿಯಂ ಅಯಾನುಗಳು ಒಳಗಿಳಿಯುವಾಗ 1 ಗ್ಲೂಕೋಸನ್ನು ಜೊತೆಗೆ ಎಳೆದೊಯ್ಯುತ್ತವೆ.

ಉಪ್ಪುನೀರು: "ಮುಟ್ಟುವುದೇ ಇಲ್ಲ" ಅಂದುಬಿಟ್ಟರೆ ಆಯ್ತಾ ಮೇಷ್ಟ್ರೇ? ಹೊರಗೆ ಲೀಟರಿಗೆ 145 ಮಿಲಿಮೋಲ್ ಇರುವ ಸೋಡಿಯಂ ಒಳಗೆ 12ರ ಆಸುಪಾಸಿನಲ್ಲೇ ಉಳಿಯುವುದು ಹೇಗೆ? ರಕ್ತದ ಕಡೆಯ ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪ್‌ನಿಂದ. ಒಂದೊಂದು ಎಟಿಪಿಗೆ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ಔಬೇನ್ ಎಂಬ ವಿಷ ಹಾಕಿ ಪಂಪ್ ನಿಲ್ಲಿಸಿದರೆ ಸೋಡಿಯಂ ಒಳಗೇ ತುಂಬಿಕೊಂಡು ಸ್ವಲ್ಪ ಹೊತ್ತಿಗೆ ಗ್ಲೂಕೋಸ್ ಸಾಗಣೆಯೂ ನಿಲ್ಲುತ್ತದೆ.

ಪಿಯು ಮೇಷ್ಟ್ರು: "ಸ್ವಲ್ಪ ಹೊತ್ತಿಗೆ." ಅಂದರೆ ತಕ್ಷಣ ಅಲ್ಲ! ಕರುಳಿನ ಒಳಪೊರೆಯಿಂದ ಮಾಡಿದ ಪುಟ್ಟ ಚೀಲಗಳಲ್ಲಿ ಎಟಿಪಿಯೇ ಇರುವುದಿಲ್ಲ. ಹೊರಗೆ ಸೋಡಿಯಂ ಹಾಕಿದರೆ ಸಾಕು, ಒಳಗಿನ ಗ್ಲೂಕೋಸ್ ಸ್ವಲ್ಪ ಹೊತ್ತು ಹೊರಗಿನ ಸಾಂದ್ರತೆಯನ್ನೂ ಮೀರುತ್ತದೆ.

ಗಂಜಿಪ್ರಿಯ: ಅದಿರಲಿ, 2ಕ್ಕೆ 1 ಅಂದಿರಲ್ಲ, ಓಆರ್‌ಎಸ್‌ನಲ್ಲಿ ಯಾಕೆ ಸಮ ಸಮ? ಲೀಟರಿಗೆ ಸೋಡಿಯಂ 75 ಮಿಲಿಮೋಲ್, ಗ್ಲೂಕೋಸ್ 75. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬಿಸ್ ಲೀಟರಿಗೆ 22 ಗ್ರಾಂ ಗ್ಲೂಕೋಸ್ ಹಾಕಿದ್ದರು, ಈಗ 13.5. ಸಕ್ಕರೆ ಹೆಚ್ಚಿದ್ದರೆ ಹೀರಿಕೆಯೂ ಹೆಚ್ಚು.

ಲ್ಯಾಬ್ ಅಕ್ಕ: "ಹೆಚ್ಚಿದ್ದರೆ ಹೆಚ್ಚು" ಅನ್ನುವುದು ಅಪಾಯದ ಮಾತು. 75 ಗ್ಲೂಕೋಸ್ 150 ಸೋಡಿಯಂ ಹೊರಬಲ್ಲದು, ಅಲ್ಲಿ ಕೊರತೆಯೇ ಇಲ್ಲ. ವಾಹಕಗಳು ತುಂಬಿದ ಮೇಲೆ ಉಳಿದ ಸಕ್ಕರೆ ಕರುಳಲ್ಲೇ ಕೂತು ನೀರನ್ನು ಹೊರಗೆಳೆಯುತ್ತದೆ, ಭೇದಿ ಜಾಸ್ತಿಯಾಗುತ್ತದೆ. ಅದಕ್ಕೇ 2002ರಲ್ಲಿ ಓಆರ್‌ಎಸ್‌ನ ಒಟ್ಟು ಆಸ್ಮೋಲಾರಿಟಿಯನ್ನು (ಲೀಟರಿನಲ್ಲಿ ಕರಗಿದ ಎಲ್ಲ ಕಣಗಳ ಲೆಕ್ಕ) 311ರಿಂದ 245ಕ್ಕೆ ಇಳಿಸಿದ್ದು.

ಗಂಜಿಪ್ರಿಯ: "ಭೇದಿ ಜಾಸ್ತಿ"? ಬನಗಾಂವ್‌ನಲ್ಲಿ ಆ ದ್ರಾವಣ ಸಾವಿರಾರು ಜೀವ ಉಳಿಸಿತು!

ಲ್ಯಾಬ್ ಅಕ್ಕ: ಅದರಲ್ಲಿ ಸೋಡಿಯಂ ಕೂಡ 90 ಇತ್ತು, ಕಾಲರಾ ರೋಗಿಗಳು ಅಷ್ಟು ಉಪ್ಪು ಕಳೆದುಕೊಳ್ಳುತ್ತಿದ್ದರು. ಬರೀ ಸಕ್ಕರೆಯ ಲೆಕ್ಕ ಎತ್ತಿ ತೋರಿಸಬೇಡಿ. ಮನೆಯಲ್ಲಿ ಮಾಡಿದರೆ ಲೀಟರ್ ನೀರಿಗೆ ಸಕ್ಕರೆ 6 ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಗೋಪುರ ಮಾಡಿ ತುಂಬಬಾರದು, ಮಟ್ಟಸವಾಗಿ ಗೀರಬೇಕು.

ಉಪ್ಪುನೀರು: ಚಮಚಕ್ಕಿಂತ ನೀರಿನ ಅಳತೆಯಲ್ಲೇ ಹೆಚ್ಚು ಎಡವಟ್ಟು. ಲೀಟರಿನ ಪೊಟ್ಟಣವನ್ನು 200 ಮಿಲಿ ಲೋಟಕ್ಕೆ ಸುರಿದರೆ ಸೋಡಿಯಂ 375, ಆಸ್ಮೋಲಾರಿಟಿ 1225! ಮಗುವಿನ ಜೀವಕ್ಕೇ ಅಪಾಯ.

ಗಂಜಿಪ್ರಿಯ: "ಪೊಟ್ಟಣ" ಎಲ್ಲಿಂದ ಬಂತು? ನಾನು ಹೇಳಿದ್ದು ಗ್ಲೂಕೋಸ್ ಬಗ್ಗೆ. ಅಕ್ಕಾ, ಮನೆಯ ಸಕ್ಕರೆ ಸುಕ್ರೋಸ್, ಅದು ಎಸ್‌ಜಿಎಲ್‌ಟಿ1ರಲ್ಲಿ ಹೋಗುವುದೇ ಇಲ್ಲ.

ಲ್ಯಾಬ್ ಅಕ್ಕ: ಸುಕ್ರೇಸ್ ಎಂಬ ಕಿಣ್ವ ಅದನ್ನು ಪೊರೆಯ ಮೇಲೆಯೇ ಒಡೆಯುತ್ತದೆ. ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಫ್ರಕ್ಟೋಸ್ ಗ್ಲುಟ್5 ಎಂಬ ಬೇರೆ ವಾಹಕದ ದಾರಿಯಲ್ಲಿ ಹೋಗುತ್ತದೆ, ಸೋಡಿಯಂ ಹಂಗಿಲ್ಲ.

ಗಂಜಿಪ್ರಿಯ: ಅಂದರೆ ಅರ್ಧ ಸಕ್ಕರೆ ಉಪ್ಪನ್ನು ಹೊರುವುದಿಲ್ಲ. ನಾನೂ ಅದನ್ನೇ ಹೇಳುತ್ತಿರುವುದು.

ಉಪ್ಪುನೀರು: ಮೇಷ್ಟ್ರೇ, ಚೀಲದ ಮಾತು ಬಾಕಿ ಇದೆ. ಪಂಪ್ ಇಲ್ಲದ ಚೀಲದಲ್ಲಿ ಒಳಗೂ ಹೊರಗೂ ಸೋಡಿಯಂ ಸಮವಾದ ಮೇಲೆ ಆ ಗ್ಲೂಕೋಸ್ ಏನಾಗುತ್ತದೆ? ವಾಪಸ್ ಸೋರುತ್ತದೆ.

ಪಿಯು ಮೇಷ್ಟ್ರು: "ದ್ವಿತೀಯಕ ಸಕ್ರಿಯ ಸಾಗಣೆ" (ಎಟಿಪಿ ಖರ್ಚು ಪಂಪ್‌ನದು, ವಾಹಕ ಬಳಸುವುದು ಪಂಪ್ ಉಳಿಸಿಟ್ಟ ಸೋಡಿಯಂ ವ್ಯತ್ಯಾಸವನ್ನು) ಅಂತ ಬರೆದವರಿಗೆ ಪೂರ್ತಿ ಅಂಕ. "ಎಸ್‌ಜಿಎಲ್‌ಟಿ1 ಎಟಿಪಿ ಒಡೆಯುತ್ತದೆ" ಅಂತ ಬರೆದರೆ ಸೊನ್ನೆ.