ಟೊರೊಂಟೊದಿಂದ ಸಸ್ಕಟೂನ್‌ಗೆ ರೈಲು: ಎರಡು ರಾತ್ರಿ, ಹೆಂಡತಿಗೆ ಮೊಣಕಾಲು ನೋವು. ಹೋಗಬಹುದಾ?

ಇಂದ್ರಾಳಿಯವ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವ, ವಯಸ್ಸು 63. ಬ್ಯಾಂಕಿನಿಂದ ರಿಟೈರ್ ಆಗಿ ಮೂರು ವರ್ಷ ಆಯಿತು. ಮನೆಯಿಂದ ಇಂದ್ರಾಳಿ ಸ್ಟೇಷನ್ನಿಗೆ ನಡೆದರೆ ಹತ್ತು ನಿಮಿಷ. ಮುಂಬೈಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಮೊದಲೆಲ್ಲ ಊರಿಗೆ ಬರಬೇಕಾದರೆ ಬಸ್ಸೇ ಗತಿ, ಘಾಟಿ ಇಳಿಯುವಾಗ ಹೆಂಡತಿಗೆ ವಾಂತಿ. 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾದ ಮೇಲೆ ಮತ್ಸ್ಯಗಂಧ ಬಿಟ್ಟು ಬೇರೆ ಯಾವುದನ್ನೂ ಹತ್ತಿಲ್ಲ.

ಮಗಳು ಕೆನಡಾದ ಸಸ್ಕಟೂನ್‌ನಲ್ಲಿ ಇದ್ದಾಳೆ. ನಾಲ್ಕು ವರ್ಷ ಆಯಿತು, ನಾವು ಒಮ್ಮೆಯೂ ಹೋಗಿಲ್ಲ. ದಿನಾ ರಾತ್ರಿ ಎಂಟೂವರೆಗೆ ಅವಳ ಫೋನ್ ಬರುತ್ತದೆ, ಅಲ್ಲಿ ಬೆಳಗ್ಗೆ ಒಂಬತ್ತು. ಅಲ್ಲಿ ಬೇಸಿಗೆಗೆ ಗಡಿಯಾರ ಬದಲಿಸುವ ಪದ್ಧತಿ ಇಲ್ಲ, ವರ್ಷವಿಡೀ ಹನ್ನೊಂದೂವರೆ ಗಂಟೆಯ ವ್ಯತ್ಯಾಸ. ವಿಡಿಯೋದಲ್ಲಿ ನಮಗೆ ಕಾಣುವುದು ಅಡುಗೆಮನೆಯ ಒಂದು ಗೋಡೆ ಮತ್ತು ಕಿಟಕಿ. "ಕಿಟಕಿಯಾಚೆ ಎಂತ ಉಂಟು ಮಗಾ?" ಎಂದು ಇವಳು ಕೇಳುತ್ತಾಳೆ. "ಏನೂ ಇಲ್ಲಮ್ಮ, ಬಯಲು" ಎನ್ನುತ್ತಾಳೆ ಮಗಳು.

ಈ ಜುಲೈಗೆ ಹೋಗುತ್ತಿದ್ದೇವೆ. ಟೊರೊಂಟೊದಲ್ಲಿ ಭಾವನ ಮನೆ ಉಂಟು. ಅಲ್ಲಿಂದ ವ್ಯಾಂಕೂವರ್‌ಗೆ ಹೋಗುವ ರೈಲು ಸಸ್ಕಟೂನ್ ಮೇಲೆಯೇ ಹೋಗುತ್ತದೆ, ಎರಡು ರಾತ್ರಿ, ಸುಮಾರು 2,700 ಕಿಲೋಮೀಟರ್. ನನಗೆ ಅದರಲ್ಲೇ ಹೋಗಬೇಕು ಎಂದು ಆಸೆ. ಮಗಳು ಬೇಡ ಎನ್ನುತ್ತಿದ್ದಾಳೆ. "ವಿಮಾನದಲ್ಲಿ ಮೂರೂವರೆ ಗಂಟೆ ಅಪ್ಪ, ರೈಲು ಯಾವಾಗ ಮುಟ್ಟುತ್ತದೆ ಅಂತಲೇ ಹೇಳಲಿಕ್ಕಾಗುವುದಿಲ್ಲ" ಅಂತ. ಹೆಂಡತಿಗೆ ಮೊಣಕಾಲು ನೋವು, ಮೀನು ಮಾಂಸ ಮುಟ್ಟುವವಳಲ್ಲ. ಆ ರೈಲಿನಲ್ಲಿ ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸುಮ್ನೆ ಹಟ ಮಾಡುತ್ತಿದ್ದೇನಾ?

ಕದ್ರಿ ಗುಡ್ಡೆ

ಬೇಡ ಸರ್, ಮಗಳ ಮಾತು ಕೇಳಿ. ನಾನು ಟೊರೊಂಟೊದಿಂದ ವಿನ್ನಿಪೆಗ್‌ಗೆ ಅದರಲ್ಲೇ ಹೋಗಿದ್ದೆ, ಜನವರಿಯಲ್ಲಿ, ಅಗ್ಗದ ಸೀಟಿನಲ್ಲಿ. ಆ ಕ್ಲಾಸಿನಲ್ಲಿ ಮಲಗಲಿಕ್ಕೆ ಬರ್ತ್ ಇಲ್ಲ, ಸೀಟೇ ಸ್ವಲ್ಪ ಹಿಂದಕ್ಕೆ ಬಾಗುತ್ತದೆ, ಅಷ್ಟೇ. ಮಧ್ಯರಾತ್ರಿ ಕಾಡಿನ ನಡುವೆ ನಿಂತರೆ ಹೊರಗೆ ಒಂದು ದೀಪ ಕೂಡ ಇಲ್ಲ. ಮೊಣಕಾಲು ನೋವಿನವರನ್ನು ಎರಡು ರಾತ್ರಿ ಹಾಗೆ ಕೂರಿಸಬೇಡಿ.

ಕುಲಶೇಖರದ ಸಿಸ್ಟರ್

ಅಂಕಲ್, ನೀವು ಹೋಗಿ. ಆಂಟಿಯನ್ನೂ ಕರೆದುಕೊಂಡೇ ಹೋಗಿ. ನಾನು ಸಸ್ಕಟೂನ್‌ನಲ್ಲಿ ಆರು ವರ್ಷ ನರ್ಸ್ ಆಗಿದ್ದೆ, ಈಗ ವಾಪಸ್ ಮಂಗಳೂರಿಗೆ ಬಂದಿದ್ದೇನೆ. ಆ ರೈಲಿನಲ್ಲಿ ಎರಡು ಸಲ ಓಡಾಡಿದ್ದೇನೆ.

ಕದ್ರಿಯವರು ಹೇಳಿದ್ದು ಸೀಟಿನ ಕ್ಲಾಸಿಗೆ ಸರಿ. ನೀವು ಸ್ಲೀಪರ್ ತೆಗೆದುಕೊಳ್ಳಿ, ಲೋವರ್ ಬರ್ತ್. ದುಡ್ಡು ಜಾಸ್ತಿ, ಆದರೆ ಅದರಲ್ಲಿ ಊಟ, ತಿಂಡಿ ಎಲ್ಲ ಸೇರಿದೆ. ಅಲ್ಲಿನ ಬರ್ತ್ ನಮ್ಮ ಸೈಡ್ ಲೋವರ್ ಹಾಗೆ, ರೈಲಿನ ಉದ್ದಕ್ಕೆ. ಹಗಲು ಎದುರುಬದುರು ಎರಡು ಸೀಟು. ರಾತ್ರಿ ಅಟೆಂಡೆಂಟ್ ಬಂದು ಅದನ್ನೇ ಹಾಸಿಗೆ ಮಾಡಿ, ದಪ್ಪ ಪರದೆ ಎಳೆದು ಕೊಡುತ್ತಾನೆ. ನಮ್ಮದಕ್ಕಿಂತ ಅಗಲ ಉಂಟು. ಅಪ್ಪರ್‌ಗೆ ಏಣಿ ಹತ್ತಬೇಕು, ಕಿಟಕಿಯೂ ಇಲ್ಲ, ಅದನ್ನು ನೀವು ಇಟ್ಟುಕೊಳ್ಳಿ. ಸ್ನಾನಕ್ಕೆ ಬೋಗಿಯಲ್ಲೇ ಬಿಸಿನೀರು. ಸಸ್ಯಾಹಾರ ಅಂತ ಬುಕ್ ಮಾಡುವಾಗಲೇ ಹೇಳಿ, ಮೊಟ್ಟೆಯೂ ಬೇಡ ಅಂದರೆ ಅದನ್ನು ಬೇರೆಯಾಗಿ ಹೇಳಿ. ಆದರೂ ಭಾವನ ಮನೆಯಿಂದ ಚಪಾತಿ, ಚಟ್ನಿಪುಡಿ ಕಟ್ಟಿಸಿಕೊಂಡು ಹೋಗಿ. ಬೋಗಿಗಳು 1954-55ರಲ್ಲಿ ಮಾಡಿದವು, ಸ್ಟೀಲಿನವು, ಇವತ್ತಿಗೂ ಹೊಳೆಯುತ್ತವೆ. ಮೇಲೆ ಗಾಜಿನ ಗುಮ್ಮಟದ ಬೋಗಿ ಉಂಟು, ಅದಕ್ಕೆ ಮಾತ್ರ ಮೆಟ್ಟಿಲು ಹತ್ತಬೇಕು. ಆಂಟಿ ದಿನಕ್ಕೆ ಒಂದೇ ಸಲ ಹತ್ತಲಿ. ಹತ್ತುವುದಾದರೆ ಎರಡನೇ ದಿನ ಮಧ್ಯಾಹ್ನದ ಮೇಲೆ.

ಯಾಕೆ ಅಂತ ಹೇಳುತ್ತೇನೆ. ಟೊರೊಂಟೊ ಬಿಟ್ಟ ಮೇಲೆ ಒಂದು ಹಗಲು, ಒಂದು ರಾತ್ರಿ, ಮತ್ತೆ ಮರುದಿನ ಬಹಳ ಹೊತ್ತು ಬರೀ ಬಂಡೆ, ಕೆರೆ, ಕಾಡು. ಒಂದು ಕೆರೆ ಮುಗಿಯುವಷ್ಟರಲ್ಲಿ ಇನ್ನೊಂದು. ಸಂಜೆ ವಿನ್ನಿಪೆಗ್ ಹತ್ತಿರ ಬರುವಾಗ ಮರಗಳು ತೆಳ್ಳಗಾಗಿ ಇದ್ದಕ್ಕಿದ್ದಂತೆ ನಿಂತುಬಿಡುತ್ತವೆ. ಆಮೇಲೆ ನೆಲ ನಮ್ಮ ಅಂಗಳದ ಹಾಗೆ, ಸಗಣಿ ಸಾರಿಸಿದಷ್ಟು ಸಮ. ನಾವು ಗುಡ್ಡ, ತೋಟ, ಸಮುದ್ರದ ನಡುವೆ ಬೆಳೆದವರು, ಎಲ್ಲಿ ನೋಡಿದರೂ ಏನಾದರೊಂದು ಅಡ್ಡ ಇರುತ್ತದೆ. ಅಲ್ಲಿ ಅಡ್ಡ ಏನೂ ಇಲ್ಲ. ನಾನು ಮೊದಲ ಸಲ ವಿಮಾನದಲ್ಲಿ ಇಳಿದಾಗ ಇದು ಗೊತ್ತೇ ಆಗಲಿಲ್ಲ. ಊರು ಅಂದರೆ ಊರು, ರಸ್ತೆ, ಅಂಗಡಿ, ನದಿ, ಸೇತುವೆಗಳು. ನದಿ ದಂಡೆಯಲ್ಲಿ ಅರಮನೆಯ ಹಾಗೆ ಒಂದು ಹೋಟೆಲ್, 1935ರಲ್ಲಿ ತೆರೆದದ್ದು, ಅದನ್ನೂ ರೈಲಿನವರೇ ಕಟ್ಟಿಸಿದ್ದು. ಆ ಊರು ಬೇರೆಲ್ಲದರಿಂದ ಎಷ್ಟು ದೂರದಲ್ಲಿ ಕೂತಿದೆ ಎಂದು ತಿಳಿದದ್ದು ರೈಲಿನಲ್ಲಿ ಬಂದ ಮೇಲೆ.

ಇನ್ನು ತಡ ಆಗುವ ವಿಷಯ. ಆಗುತ್ತದೆ, ನನಗೆ ಒಂದು ಸಲ ಐದು ಗಂಟೆ ಆಗಿತ್ತು. ಹಳಿ ಗೂಡ್ಸ್ ಓಡಿಸುವವರದ್ದು, ಹೆಚ್ಚಿನ ಕಡೆ ಒಂದೇ ಲೈನ್. ಅವರ ಗಾಡಿ ಮೂರು ಕಿಲೋಮೀಟರ್ ಉದ್ದ ಇರುವುದೂ ಉಂಟು, ಕ್ರಾಸಿಂಗ್ ಲೈನಿನಲ್ಲಿ ಅದು ಹಿಡಿಸುವುದಿಲ್ಲ. ಹಾಗಾಗಿ ಪಕ್ಕಕ್ಕೆ ಸರಿದು ನಿಲ್ಲಬೇಕಾದದ್ದು ನಮ್ಮ ಗಾಡಿಯೇ.

ಆ ದಿನ ಬೆಳಗ್ಗೆ ಸಸ್ಕಟೂನ್‌ಗೆ ಇನ್ನೆರಡು ಗಂಟೆ ಇರುವಾಗ ನಿಲ್ಲಿಸಿದರು. ಎರಡೂ ಕಡೆ ಕನೋಲ ಹೂವು, ನಮ್ಮ ಸಾಸಿವೆಯ ಜಾತಿಯದ್ದು, ಆಕಾಶ ಮುಟ್ಟುವವರೆಗೆ ಹಳದಿ. ಎದುರಿನಿಂದ ಗೂಡ್ಸ್ ಬಂತು. ನಾನು ಎಣಿಸಲಿಕ್ಕೆ ಶುರು ಮಾಡಿದೆ, ನೂರ ಹನ್ನೆರಡಕ್ಕೆ ತಪ್ಪಿಹೋಯಿತು. ಒಂದೊಂದು ವ್ಯಾಗನ್ನಿನ ಬಾಯಿಯ ಹತ್ತಿರ ಕೆಂಪು ಪುಡಿ ಅಂಟಿಕೊಂಡಿತ್ತು. ಎಂತದು ಅಂತ ಅಟೆಂಡೆಂಟ್ ಹತ್ತಿರ ಕೇಳಿದೆ. ಪೊಟ್ಯಾಶ್ ಅಂದ. ಇಲ್ಲೇ ನೆಲದಡಿಯಿಂದ, ಸುಮಾರು ಒಂದು ಕಿಲೋಮೀಟರ್ ಆಳದಿಂದ ತೆಗೆಯುತ್ತಾರೆ, ಹಡಗಿನಲ್ಲಿ ನಿಮ್ಮ ದೇಶಕ್ಕೂ ಹೋಗುತ್ತದೆ ಅಂದ.

ನನ್ನ ತವರು ಬೆಳ್ತಂಗಡಿ ಕಡೆ, ಅಡಿಕೆ ತೋಟ. ಮಳೆಗಾಲ ಹಿಡಿಯುವ ಮೊದಲು ಅಪ್ಪ ಬುಡಬುಡಕ್ಕೆ ಪೊಟ್ಯಾಶ್ ಹಾಕಿ ಬರುತ್ತಿದ್ದರು. ಬೆರಳ ಸಂದಿಯಲ್ಲಿ ಅದೇ ಕೆಂಪು, ಬಾವಿಕಟ್ಟೆಯಲ್ಲಿ ಎಷ್ಟು ತಿಕ್ಕಿದರೂ ಉಗುರಿನಡಿ ಉಳಿದಿರುತ್ತಿತ್ತು. ಅಪ್ಪ ತೀರಿಹೋಗಿ ಆಗ ಎಂಟು ತಿಂಗಳು. ಆ ಗಾಡಿ ಪೂರ್ತಿ ದಾಟುವವರೆಗೆ ನಾನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ನಮ್ಮ ಅಂಗಡಿಗಳಿಗೆ ಬರುವ ಮಸೂರ್ ಬೇಳೆಯಲ್ಲೂ ಬಹಳಷ್ಟು ಅದೇ ಬಯಲಿನದ್ದು ಅಂಕಲ್.

ಮಗಳು "ಏನೂ ಇಲ್ಲ" ಎನ್ನುವುದು ನನಗೆ ಅರ್ಥ ಆಗುತ್ತದೆ. ನಾನೂ ಅಮ್ಮನಿಗೆ ಹಾಗೇ ಹೇಳುತ್ತಿದ್ದೆ. ಜನವರಿಯಲ್ಲಿ ಮೈನಸ್ ಮೂವತ್ತು. ರಾತ್ರಿ ಕಾರನ್ನು ಫೋನ್ ಚಾರ್ಜಿಗೆ ಇಟ್ಟ ಹಾಗೆ ಕರೆಂಟಿಗೆ ಸಿಕ್ಕಿಸಿ ಇಡಬೇಕು, ಇಲ್ಲದಿದ್ದರೆ ಬೆಳಗ್ಗೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ನೈಟ್ ಡ್ಯೂಟಿ ಮುಗಿಸಿ ಬರುವಾಗ ಕಣ್ಣಿನ ರೆಪ್ಪೆಯ ಮೇಲೆ ಮಂಜುಗಡ್ಡೆ. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅಮ್ಮ ಅಳುತ್ತಾರೆ ಅಂತ ಹೇಳುತ್ತಿರಲಿಲ್ಲ. ನನ್ನ ಅಪ್ಪ ಅಮ್ಮ ಬರಲೇ ಇಲ್ಲ. ನೀವು ಹೋಗುತ್ತಿದ್ದೀರಿ. ಆ ದೂರವನ್ನು ಕೂತು ನೋಡಿಕೊಂಡೇ ಹೋಗಿ.

ಕುಂದಾಪುರ ಲೋಕಲ್

ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ. ಅಣ್ಣ, ಕೊಂಕಣ ಲೈನಿನಲ್ಲಿ ಓಡಾಡಿದವರಿಗೆ ಕ್ರಾಸಿಂಗ್ ಏನು ಹೊಸದಾ? 741 ಕಿಲೋಮೀಟರಿನಲ್ಲಿ ಹೆಚ್ಚಿನದು ಇನ್ನೂ ಒಂದೇ ಲೈನ್. ಭಟ್ಕಳದ ಹತ್ತಿರ ನಿಲ್ಲಿಸಿದಾಗ ಇಳಿದು ಕೈಕಾಲು ಆಡಿಸಿ ಬರುವವರು ನಾವು. ಅಲ್ಲಿ ಹಾಗೆ ಇಳಿಯಬೇಡಿ, ಅಷ್ಟೇ. ಒಂದು ಮಾತು: ಸಸ್ಕಟೂನ್ ಮುಟ್ಟುವ ದಿನ ಮಗಳಿಗೆ ಯಾವ ಕಾರ್ಯಕ್ರಮವೂ ಇಟ್ಟುಕೊಳ್ಳಬೇಡ ಎನ್ನಿ. ವಾಪಸ್ ಬರುವಾಗ ವಿಮಾನದಲ್ಲೇ ಬನ್ನಿ, ರೈಲನ್ನು ನಂಬಿ ಟೊರೊಂಟೊದಿಂದ ಊರಿನ ವಿಮಾನ ಹಿಡಿಯುತ್ತೇನೆ ಅಂದರೆ ಕಷ್ಟ.

ಇಂದ್ರಾಳಿಯವ

ಎಲ್ಲರಿಗೂ ತುಂಬ ಉಪಕಾರ ಆಯಿತು. ಸಿಸ್ಟರ್, ನೀವು ಬರೆದದ್ದನ್ನು ಇವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕಾರನ್ನು ಕರೆಂಟಿಗೆ ಸಿಕ್ಕಿಸುವ ವಿಷಯ ಬಂದಾಗ ಎದ್ದು ಒಳಗೆ ಹೋದಳು. ರಾತ್ರಿ ಮಗಳ ಫೋನ್ ಬಂದಾಗ ಮೊದಲ ಪ್ರಶ್ನೆ ಅದೇ: "ನೀನೂ ಕಾರನ್ನು ಹಾಗೆ ಇಡುತ್ತೀಯಾ?" ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಗಂಟೆ ಮಾತಾಡಿದಳು. ನಾಲ್ಕು ವರ್ಷದಲ್ಲಿ ನಾವು ಕೇಳದೇ ಇದ್ದದ್ದನ್ನೆಲ್ಲ ಹೇಳಿದಳು.

ಎರಡು ಬರ್ತ್ ಅವಳೇ ಬುಕ್ ಮಾಡುತ್ತಾಳಂತೆ, ಒಂದು ಲೋವರ್, ಒಂದು ಅಪ್ಪರ್. ಸಿಸ್ಟರ್, ಸ್ಟೇಷನ್ನಿನಿಂದ ಪೇಟೆಗೆ ಹೋಗಲಿಕ್ಕೆ ಹೇಗೆ?

ಕುಲಶೇಖರದ ಸಿಸ್ಟರ್

ಸ್ಟೇಷನ್ ಊರಿನ ಹೊರಗೆ ಅಂಕಲ್, ಪೇಟೆಯಿಂದ ದೂರ. ಚಿಕ್ಕ ಕಟ್ಟಡ, ಸುತ್ತ ಯಾರ್ಡ್. ಮಗಳು ಕಾರು ತರಲಿ. ರೈಲು ಎಲ್ಲಿದೆ ಅಂತ ಫೋನಿನಲ್ಲೇ ನೋಡಬಹುದು, ಅದನ್ನು ನೋಡಿಕೊಂಡು ಹೊರಟರೆ ಸಾಕು. ಜುಲೈಯಲ್ಲಿ ಸಸ್ಕಟೂನ್ ಬೆರಿ ಹಣ್ಣಾಗುತ್ತದೆ, ಊರಿಗೆ ಹೆಸರು ಬಂದದ್ದೇ ಅದರಿಂದ. ನೇರಳೆಯ ಬಣ್ಣ, ಗಾತ್ರದಲ್ಲಿ ಅದಕ್ಕಿಂತ ಚಿಕ್ಕದು. ಆಂಟಿಗೆ ಒಂದು ಬೊಗಸೆ ಕೊಡಿಸಿ.